ಯರಗಟ್ಟಿಯಾಗ ಕುಂತು ಕಾರ್ಟೂನ್ ಕಲಿಯೂದು

ಬೆಳಗಾವಿ–ಬಾಗಲಕೋಟೆ ರಸ್ತೆಯ ಮೇಲಿರುವ ಯರಗಟ್ಟಿ ಮೊದಲು ಸವದತ್ತಿ ತಾಲ್ಲೂಕಿನ ಊರು, ಈಗ ತಾನೇ ಒಂದು ತಾಲ್ಲೂಕು. ಇಲ್ಲಿ ಮಾತಾಡುವ ಇಬ್ಬರಲ್ಲಿ ಒಬ್ಬರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಮಾಸ್ತರರು. ರಜೆಯಲ್ಲಿ ದೊಡ್ಡಾಟದ ಪರದೆ, ಅಂಗಡಿಗಳ ಬೋರ್ಡು ಬರೆದವರು. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ. ಡಿಗ್ರಿ ಮುಗಿಸಿ ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕುಳಿತು ಅನಿಮೇಷನ್ ಕಲಿಯುತ್ತಿದ್ದಾಳೆ. ಊರು ಬಿಡಬೇಡ ಎಂದು ಹಿರಿಯರು ಹಟ ಹಿಡಿಯುವುದು, ಹೋಗಿಯೇ ಸಿದ್ಧ ಎಂದು ಕಿರಿಯರು ಹಾರಾಡುವುದು ವಾಡಿಕೆ. ಇವರಿಬ್ಬರ ಜಗಳ ಮಾತ್ರ ತಿರುವುಮುರುವು.

ಮಾಸ್ತರರು: ತೋರಸು ನೋಡೂನು. ಏನಿದು, ಎತ್ತು?

ಹುಡುಗಿ: ಹೌದ್ರಿ ಸರ್. ಬನದ ಹುಣ್ಣಿಮಿಗೆ ಎಲ್ಲವ್ವನ ಗುಡ್ಡಕ್ಕ ಹೊಂಟ ಚಕ್ಕಡಿ. ಸದ್ಯ ಎತ್ತು ನಡಿಯೂದು ಅಷ್ಟಽ ಆಗೈತಿ.

ಮಾಸ್ತರರು: ಇನ್ನೊಮ್ಮೆ ಓಡಸು. ಇನ್ನೂ ಒಮ್ಮೆ. ಯವ್ವಾ, ಇದರ ಮೈ ಎತ್ತಿಂದು, ಕಾಲು ಕುದರೀವು.

ಹುಡುಗಿ: ಅಂದ್ರ?

ಮಾಸ್ತರರು: ಮುಂದಿನ ಎಡಗಾಲು, ಹಿಂದಿನ ಬಲಗಾಲು ಎರಡೂ ಕೂಡೇ ಏಳಾಕತ್ತಾವ. ಅದು ಕುದರಿ ದುಡಕಿ ಓಡೂ ಚಾಲು. ಎತ್ತು ನಡಿಯೂ ಮುಂದ ಹಿಂದಿನ ಎಡಗಾಲು ಮೊದಲ ಬರತೈತಿ, ಅದರ ಬೆನ್ನಿಗೆ ಮುಂದಿನ ಎಡಗಾಲು. ಆಮ್ಯಾಲೆ ಹಿಂದಿನ ಬಲಗಾಲು, ಮುಂದಿನ ಬಲಗಾಲು. ಮುಂದಿನ ಗೊರಸು ಎದ್ದ ಜಾಗದ ಹತ್ತಿರಕ್ಕ ಬಂದು ಹಿಂದಿನ ಗೊರಸು ಬೀಳತೈತಿ. ಮುಂದಿನ ಕಾಲು ಊರಿದಾಗ ತಲಿ ತುಸು ತಗ್ಗತೈತಿ. ನಿನ್ನ ಎತ್ತಿನ ತಲಿ ಅಲುಗೂದಽ ಇಲ್ಲ.

ಹುಡುಗಿ: ಯೂಟ್ಯೂಬಿನ್ಯಾಗ ನಾಲ್ಕು ಕಾಲಿನ ಪ್ರಾಣಿ ನೋಡೇ ಮಾಡೇನ್ರಿ.

ಮಾಸ್ತರರು: ಯಾವ ಪ್ರಾಣಿ?

ಹುಡುಗಿ: ನಾಯಿ ಇತ್ರಿ. ಓಡೂ ನಾಯಿ.

ಮಾಸ್ತರರು: ನಿಮ್ಮ ಗ್ವಾದಲಿ ಮುಂದ ಎರಡು ಎತ್ತು ನಿಂತಾವ. ನೀ ಯಾವುದೋ ದೇಶದ ನಾಯಿ ನೋಡಿ ಎತ್ತು ತಗದಿ.

ಹುಡುಗಿ: ಈಗ ನೀವಽ ನನ್ನ ಮಾತು ಒಪ್ಪಿದಂಗ ಆತ್ರಿ. ಎತ್ತು ಇಲ್ಲಿ ಅದಾವ, ತಪ್ಪು ಹಿಡಿಯೂ ನೀವೂ ಇಲ್ಲೇ ಅದೀರಿ. ಬೆಂಗಳೂರಿಗೆ ಹೋಗಿ ಎ.ಸಿ. ರೂಮಿನ್ಯಾಗ ಕುಂತ್ರ ಎತ್ತಿನ ಕಾಲು ಯಾರ ತೋರಸ್ತಾರ?

ಮಾಸ್ತರರು: ತೋರಸ್ತಾರ. ಕುದರಿ ಓಡೂ ಮುಂದ ನಾಲ್ಕೂ ಕಾಲು ನೆಲಾ ಬಿಡತಾವೋ ಇಲ್ಲೋ ಅಂತ ದೊಡ್ಡ ವಾದ ಇತ್ತು. 1878ರಾಗ ಕ್ಯಾಲಿಫೋರ್ನಿಯಾದಾಗ ಮೈಬ್ರಿಜ್ ಅನ್ನಾಂವ ಸಾಲಾಗಿ ಕ್ಯಾಮೆರಾ ಇಟ್ಟು ಫೋಟೋ ಹೊಡದ. ಬಿಡತಾವ ಅಂತ ಗೊತ್ತಾತು, ಆದ್ರ ಕಾಲು ಹೊಟ್ಟಿ ಕೆಳಗ ಮಡಚಿಕೊಂಡಿರತಾವ. ಅಲ್ಲೀತನಕ ಹೆಸರಾದ ಚಿತ್ರಕಾರರೂ ಮುಂದಿನವು ಮುಂದಕ್ಕ, ಹಿಂದಿನವು ಹಿಂದಕ್ಕ ಚಾಚಿ ಬರೀತಿದ್ರು. ದಿನಾ ಕುದರಿ ನೋಡಿದ ಮಂದೀನಽ ತಪ್ಪು ಬರದ್ರು ನೋಡು. ಕಣ್ಣಮುಂದ ಇದ್ದ ಮಾತ್ರಕ್ಕ ಕಾಣಸೂದಿಲ್ಲ. ಹೆಂಗ ನೋಡಬೇಕು ಅಂತ ಹೇಳೂ ಮಂದಿ ಬೇಕು.

ಹುಡುಗಿ: ಅವಗ ಸಾಲು ಕ್ಯಾಮೆರಾ ಬೇಕಾದ್ವು. ನನಗ ಈ ಫೋನ್ ಸಾಕ್ರಿ. ನಮ್ಮ ಎತ್ತು ನಡಿಯೂದನ್ನ ಸ್ಲೋ ಮೋಷನ್ ಹೊಡದು ಒಂದೊಂದು ಫ್ರೇಮ್ ನಿಲ್ಲಿಸಿ ನೋಡಬಹುದು.

ಮಾಸ್ತರರು: ನೋಡಬಹುದಿತ್ತು, ನೋಡಲಿಲ್ಲ. ತಪ್ಪೈತಿ ಅಂತ ಒಬ್ಬರು ಅನ್ನೂತನಕ ನಿನಗ ಅದು ಹೊಳೀಲಿಲ್ಲ. ಇರಲಿ, ಇಷ್ಟು ದಿನಾ ಏನು ಕಲ್ತಿ ಹೇಳು, ನನಗೂ ತಿಳೀಲಿ.

ಹುಡುಗಿ: ಮೊದಲ ಚೆಂಡು ಪುಟಿಸೂದ್ರಿ. ಎಲ್ಲಾರೂ ಅಲ್ಲಿಂದಽ ಸುರು ಮಾಡತಾರ. ಸಿನಿಮಾದಾಗ ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರಾನ ಎರಡೆರಡು ಫ್ರೇಮ್ ನಿಲ್ಲಿಸಿದ್ರ 12 ಚಿತ್ರದಾಗ ಸೆಕೆಂಡ್ ಮುಗೀತೈತಿ. ಕೈಲೆ ಬರಿಯೂ ಮಂದಿ ಹೆಚ್ಚಾಗಿ ಹಂಗಽ ಮಾಡತಾರ. ಚೆಂಡು ಮ್ಯಾಲೆ ಹೋಗಿ ತಿರುಗೂ ಹೊತ್ತಿನ್ಯಾಗ ಚಿತ್ರಗೋಳು ಒತ್ತೊತ್ತಾಗಿ ಇರಬೇಕು, ಕೆಳಗ ಬೀಳೂ ಮುಂದ ದೂರ ದೂರ. ನೆಲಕ್ಕ ಬಡದಾಗ ಚಪ್ಪಟಿ, ಎದ್ದಾಗ ಉದ್ದ. ಆದ್ರ ಅಗಲ ಆದಷ್ಟು ಎತ್ತರ ಕಡಿಮಿ ಆಗಬೇಕು, ಇಲ್ಲಂದ್ರ ಚೆಂಡು ಉಬ್ಬಿದಂಗ ಕಾಣತೈತಿ. ಅದಽ ದುಂಡನ್ನ ಗೆರಿ ಕಬ್ಬಿಣದ ಗುಂಡು ಆಗಬೇಕು ಅಂದ್ರ ಚಪ್ಪಟಿ ಮಾಡೂಹಂಗಿಲ್ಲ, ಎರಡನೇ ಪುಟಿತ ಗೇಣು ಎತ್ತರಾನೂ ಇರಬಾರದು. ದುಂಡು ಅದಽ, ಚಪ್ಪಟಿ ಆಗೂದು ಮತ್ತ ಹೊತ್ತು ಅಷ್ಟಽ ಬದಲಾತು. ಅಷ್ಟಕ್ಕ ರಬ್ಬರ್ ಹೋಗಿ ಕಬ್ಬಿಣ ಬಂತು.

ಮಾಸ್ತರರು: ಇದು ಚಲೋ ಹೇಳಿದಿ. ನಾವು ತೂಕ ತೋರಸಾಕ ನೆರಳು ಹಚ್ಚತಿದ್ವಿ. ನೀವು ಹೊತ್ತಿನ ಮ್ಯಾಲೆ ತೂಕ ತರತೀರಿ.

ಹುಡುಗಿ: ಆಮ್ಯಾಲೆ ಹಿಟ್ಟಿನ ಚೀಲ. ಮಾರಿ ಇಲ್ಲ, ಕೈಕಾಲಿಲ್ಲ, ನಾಲ್ಕು ಮೂಲಿ ಅಷ್ಟಽ. ಅದಕ್ಕ ಸಿಟ್ಟು ಬಂದದ್ದು, ಅದು ನಾಚಿಕೊಂಡದ್ದು ತೋರಸಬೇಕು. ಡಿಸ್ನಿಯ ಹಳೇ ಕಲಾವಿದರು, ಫ್ರಾಂಕ್ ಥಾಮಸ್ ಮತ್ತ ಆಲಿ ಜಾನ್‌ಸ್ಟನ್, 1981ರಾಗ ಒಂದು ಪುಸ್ತಕ ಬರದ್ರು. ಅದರಾಗ 12 ಸೂತ್ರ ಅದಾವ. ಜಿಗಿಯೂ ಮೊದಲ ತುಸು ಕುಕ್ಕರಿಸಬೇಕು, ಹೊಡಿಯೂ ಮೊದಲ ಕೈ ಹಿಂದ ಹೋಗಬೇಕು. ಮೈ ನಿಂತ ಮ್ಯಾಲೂ ಸೆರಗು, ಕೂದಲು ಇನ್ನೂ ಅಲ್ಲಾಡತಿರಬೇಕು. ಇವೆಲ್ಲಾ ನಾ ಈ ಮನ್ಯಾಗ ಕುಂತಽ ಕಲತದ್ದು. ಸಾಫ್ಟ್‌ವೇರ್ ಬ್ಲೆಂಡರ್, ಒಂದು ರೂಪಾಯಿ ಇಲ್ಲ. ಜಪಾನಿನ ಘಿಬ್ಲಿ ಸ್ಟುಡಿಯೋ ಬಳಸಿದ ಟೂನ್ಸ್ ಸಾಫ್ಟ್‌ವೇರೂ 2016ರಿಂದ ಪುಕ್ಕಟೆ ಸಿಗತೈತಿ. ಮತ್ತ ಲಕ್ಷಗಟ್ಟಲೆ ಫೀ ತುಂಬೂದು ಯಾತಕ್ಕ್ರಿ? ಅಪ್ಪನ ಕಬ್ಬಿನ ಬಿಲ್ಲು ಬಂದ ಮ್ಯಾಲೆ ಸೊಸೈಟಿ ಸಾಲಾ ತೀರಸೂದೋ, ನನ್ನ ಫೀ ತುಂಬೂದೋ?

ಮಾಸ್ತರರು: ಸೂತ್ರ ಬಾಯಿಪಾಠ ಆಗೈತಿ ಅಂತ ಒಪ್ಪಿದೆ. ಆದ್ರ 12 ಸೂತ್ರ ಗೊತ್ತಿದ್ದಾಕಿ ಎತ್ತಿಗೆ ತಪ್ಪು ಕಾಲು ಹಚ್ಚಿದಿ. ಸೂತ್ರ ಪುಸ್ತಕದಾಗ ಸಿಗತೈತಿ, ತಪ್ಪು ತಿದ್ದೂ ಕೈ ಸಿಗೂದಿಲ್ಲ. ಈ ದೇಶದಾಗ ಅನಿಮೇಷನ್ ಹೆಂಗ ಬೇರೂರಿತು ಗೊತ್ತೈತೇನು? 1956ರಾಗ ಮುಂಬಯಿ ಫಿಲ್ಮ್ಸ್ ಡಿವಿಷನ್‌ಗೆ ಡಿಸ್ನಿಯ ಕಲಾವಿದ ಕ್ಲೇರ್ ವೀಕ್ಸ್ ಬಂದ. ನಮ್ಮ ಹುಡುಗೂರನ್ನ ಮಗ್ಗಲಿಗೆ ಕುಂದ್ರಿಸಿಕೊಂಡು ಕಲಿಸಿದ. ಮರುವರ್ಷ ಜಾತಕ ಕತಿ ಮ್ಯಾಲೆ ‘ದಿ ಬ್ಯಾನಿಯನ್ ಡಿಯರ್’ ಬಂತು. ಅಲ್ಲಿ ತಯಾರಾದವರಾಗ ರಾಮ್ ಮೋಹನ್ ಒಬ್ಬರು. ಮುಂದ ಅವರಽ ಜಪಾನಿನವರ ಜೋಡಿ ರಾಮಾಯಣ ಮಾಡಿದ್ರು, ಯುಗೋ ಸಾಕೋ ಅವರದು. 2025ರ ಜನವರಿಯಾಗ ಮತ್ತ ಥೇಟರಿಗೆ ಬಂತಲ್ಲ, ಅದಽ. ಪುಸ್ತಕ ತರಿಸಿಕೊಟ್ಟಿದ್ರ ಅದು ಆಗತಿರಲಿಲ್ಲ. ಮನಷಾ ಬರಬೇಕಾತು.

ಹುಡುಗಿ: ಆವಾಗ ಯೂಟ್ಯೂಬ್ ಇರಲಿಲ್ಲಲ್ರಿ. ರಿಚರ್ಡ್ ವಿಲಿಯಮ್ಸ್ ಅಂತ ಒಬ್ಬರಿದ್ರು, ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಸಿನಿಮಾದ ಅನಿಮೇಷನ್ ಮಾಡಿಸಿದವರು. ಹೆಸರು ಬಂದ ಮ್ಯಾಲೂ ತಮಗ ಪೂರಾ ಬರೂದಿಲ್ಲ ಅಂತ ಅನ್ನಿಸಿ ಅಮೆರಿಕಾದ ಮುದುಕ ಅನಿಮೇಟರ್‌ಗಳನ್ನ ಲಂಡನ್ನಿಗೆ ಕರೆಸಿ ಪಾಠಾ ಹೇಳಿಸಿಕೊಂಡ್ರು. ಅದನ್ನೆಲ್ಲಾ 2001ರಾಗ ದಪ್ಪ ಪುಸ್ತಕಾ ಮಾಡಿದ್ರು. ಯಾಕ ಮಾಡಿದ್ರು? ಆ ಮುದುಕರ ಮಗ್ಗಲಿಗೆ ಕುಂದ್ರಾಕ ಆಗಲಾರದವರಿಗೆ ಅಂತಽ. ನನ್ನಂಥಾಕಿಗೆ ಅಂತಽ.

ಮಾಸ್ತರರು: ಆದ್ರ ಅವರು ತಾವಽ ಪುಸ್ತಕ ಓದಿ ಕಲೀಲಿಲ್ಲ, ಮುದುಕರನ್ನ ಕರೆಸಿದ್ರು. ಅದನ್ನೂ ನೀನಽ ಹೇಳಿದಿ.

ಹುಡುಗಿ: ಹೇಳಿದೆ. ತಪ್ಪಿಸಿಕೊಳ್ಳೂದಿಲ್ಲ. ಆದ್ರ ಲಾಟ್ವಿಯಾದ ಕತಿ ಕೇಳ್ರಿ. ಆ ದೇಶದ ಮಂದಿ ಎಲ್ಲಾ ಸೇರಿ 20 ಲಕ್ಷಾನೂ ಇಲ್ಲ. ನಮ್ಮ ಬೆಳಗಾವಿ ಜಿಲ್ಲಾದಾಗ 2011ರ ಗಣತಿಗೇ 47 ಲಕ್ಷ ಮಿಕ್ಕಿದ್ವಿ. ಅಲ್ಲಿ ಗಿಂಟ್ಸ್ ಜಿಲ್ಬಲೊಡಿಸ್ ಅನ್ನೂ ಹುಡುಗ ‘ಅವೇ’ ಅಂತ ಇಡೀ ಸಿನಿಮಾ ಒಬ್ಬನಽ ಮಾಡಿದ. ಕತಿ, ಚಿತ್ರ, ಸಂಗೀತ ಎಲ್ಲಾ ಒಬ್ಬಂದಽ, ಮೂರೂವರಿ ವರ್ಷ ಕುಂತು. 2019ರಾಗ ಬಂತು. ಅದರ ಮುಂದಿನ ಸಿನಿಮಾ ‘ಫ್ಲೋ’ ಬ್ಲೆಂಡರಿನ್ಯಾಗ ಮಾಡಿದ್ದು. ನಾ ಬಳಸೂದಽ ಅದು. 2025ರಾಗ ಆಸ್ಕರ್ ಬಂತು.

ಮಾಸ್ತರರು: ‘ಫ್ಲೋ’ನೂ ಒಬ್ಬನಽ ಮಾಡಿದ್ನೇನು?

ಹುಡುಗಿ: ಇಲ್ರಿ. ಲಾಟ್ವಿಯಾ, ಫ್ರಾನ್ಸ್, ಬೆಲ್ಜಿಯಂ ಮೂರೂ ದೇಶದವರು ಸೇರಿ ಮಾಡಿದ್ರು.

ಮಾಸ್ತರರು: ಕತಿ ಏನು ಅದರದ್ದು?

ಹುಡುಗಿ: ಒಂದು ಬೆಕ್ಕು. ಒಂಟಿಯಾಗಿ ಇರೂದು ಅದರ ರೂಢಿ. ನೀರು ಏರಿ ಊರೆಲ್ಲಾ ಮುಳುಗತೈತಿ. ಕಡೀಕ ಬ್ಯಾರೆ ಪ್ರಾಣಿಗೋಳ ಜೋಡಿ ಒಂದಽ ದೋಣ್ಯಾಗ ಬದುಕೂದು ಕಲೀತೈತಿ.

ಮಾಸ್ತರರು: ಮುಗೀತಲ್ಲ. ನಿನ್ನ ಸಾಕ್ಷೀನಽ ನನ್ನ ಕಡೆ ಮಾತಾಡಿದ. ಒಬ್ಬಂವ ಮಾಡಿದ್ದಕ್ಕ ಮೆಚ್ಚಿಗಿ ಬಂತು, ಮಂದಿ ಕೂಡಿ ಮಾಡಿದ್ದಕ್ಕ ಆಸ್ಕರ್ ಬಂತು. ಯವ್ವಾ, ಪಾರಿಜಾತದ ಮ್ಯಾಳ ನೋಡು. ಈ ಭಾಗದಾಗ ಹುಟ್ಟಿದ ಆಟ ಅದು. ಹಾಡಾಂವ ಬ್ಯಾರೆ, ಬಾರಸಾಂವ ಬ್ಯಾರೆ, ಹೆಜ್ಜಿ ತಿದ್ದೂ ಮಾಸ್ತರ ಬ್ಯಾರೆ. ತಾಲೀಮಿನ್ಯಾಗ ಬೈಸಿಕೊಳ್ಳದಽ ಯಾರೂ ರಂಗಕ್ಕ ಬಂದದ್ದು ನಾ ನೋಡಿಲ್ಲ. ನಿನ್ನ ಕೆಲಸಾನೂ ಮ್ಯಾಳದ ಕೆಲಸ.

ಹುಡುಗಿ: ಮ್ಯಾಳ ಹುಟ್ಟಬೇಕಾದ್ರ ಮೊದಲ ಒಬ್ಬರು ಗೆಜ್ಜಿ ಕಟ್ಟಬೇಕಲ್ರಿ. ‘ಅವೇ’ ಮಾಡದಽ ಹೋಗಿದ್ರ ‘ಫ್ಲೋ’ಕ್ಕ ರೊಕ್ಕ ಯಾರ ಕೊಡತಿದ್ರು? ಮತ್ತ ಕೊಪ್ಪಳದ ಮೋರನಾಳದ ಭೀಮವ್ವಜ್ಜಿ ಅದಾರ, ಶಿಳ್ಳೇಕ್ಯಾತರ ಭೀಮವ್ವ. ತೊಗಲುಗೊಂಬಿ ಆಡಿಸಿ 96ನೇ ವಯಸ್ಸಿಗೆ, 2025ರಾಗ, ಪದ್ಮಶ್ರೀ ಬಂತು. ಅವರು ಯಾವ ಕಾಲೇಜಿಗೆ ಹೋಗಿದ್ರು? ಹಿಂದಿನ ದೀಪ, ಮುಂದಿನ ಪರದೆ, ನಡುವ ಓಡಾಡೂ ಬಣ್ಣದ ನೆರಳು. ನಮ್ಮ ಕಾರ್ಟೂನಿನ ಅಜ್ಜಿ ಅದಽ ಅಲ್ಲೇನ್ರಿ?

ಮಾಸ್ತರರು: ಕಾಲೇಜಿಗೆ ಹೋಗಲಿಲ್ಲ, ಯಾಕಂದ್ರ ಅವರ ಮನಿಯಽ ಕಾಲೇಜು. ಹಿರೇರು ಆಡಿಸೂದು ನೋಡತ ನೋಡತ ಕೈ ಪಳಗಿದ್ದು. ನಿಮ್ಮ ಮನ್ಯಾಗ ಹತ್ತಿ ಬಿತ್ತೂದು ಕಲಸಾಕ ನಿಮ್ಮಪ್ಪ ಅದಾನ. ಅನಿಮೇಷನ್ ಕಲಸಾಕ ಯಾರದಾರ? ಬೆಂಗಳೂರಾಗ ಅದಾರ. ನಮ್ಮ ರಾಜ್ಯ 2012ರಾಗಽ ಅನಿಮೇಷನ್ನಿಗೆ ಅಂತ ಬ್ಯಾರೆ ನೀತಿ ತಂತು, ದೇಶದಾಗಽ ಮೊದಲು. 2024ರಾಗ ಮೂರನೇದೂ ಬಂತು. ಸರ್ಕಾರ ಬಾಗಲಾ ತಗದು ನಿಂತೈತಿ, ನೀ ಪಡಸಾಲಿ ಬಿಟ್ಟು ಏಳವಲ್ಲಿ.

ಹುಡುಗಿ: ಬಾಗಲದಾಗ ಹೋದವರ ಕತಿ ಹೇಳಲೇನ್ರಿ? 2016ರ ‘ಜಂಗಲ್ ಬುಕ್’ ಸಿನಿಮಾದ ಹುಲಿ, ಕರಡಿ, ಕಾಡು ಮಾಡಿದ ಎಂಪಿಸಿ ಕಂಪನಿಗೆ ಬೆಂಗಳೂರಾಗ ದೊಡ್ಡ ಶಾಖೆ ಇತ್ತು. ಅಲ್ಲಿ ಕುಂತು ನಮ್ಮ ಮಂದೀನೂ ಆ ಕೆಲಸ ಮಾಡಿದ್ರು. ಅದರ ಧಣಿ ಟೆಕ್ನಿಕಲರ್. ಪ್ಯಾರಿಸ್ಸಿನ್ಯಾಗ ರೊಕ್ಕದ ಲೆಕ್ಕ ತಪ್ಪಿತು, 2025ರ ಫೆಬ್ರುವರಿಯಾಗ ಬೆಂಗಳೂರಾಗ ಸಾವಿರಾರು ಮಂದಿ ಕೆಲಸಾ ಕಳಕೊಂಡ್ರು. ಅವರೆಲ್ಲಾ ನಾ ಕಲಿಯೂದರ ಹತ್ತು ಪಟ್ಟು ಕಲತವರು. ಹುಲಿ ನಡಿಗಿ ಅವರು ಸರಿಯಾಗಽ ಮಾಡಿದ್ರು. ನಡಿಗಿ ಸರಿ ಇದ್ದದ್ದು ಅವರನ್ನ ಉಳಿಸಲಿಲ್ಲ.

ಮಾಸ್ತರರು: ಅದನ್ನ ನಾ ಕಂಡೀನಿ. ಫ್ಲೆಕ್ಸ್ ಬಂದ ವರ್ಷ ಸವದತ್ತಿ, ಬೈಲಹೊಂಗಲ, ರಾಮದುರ್ಗ ಎಲ್ಲಾ ಕಡೆ ಬೋರ್ಡು ಬರಿಯೂ ಮಂದಿ ಕೈ ಕಟ್ಟಿ ಕುಂತ್ರು. ನನಗರೆ ಸಾಲಿ ಪಗಾರ ಇತ್ತು, ಅವರಿಗೆ ಕುಂಚನಽ ಪಗಾರ. ಕೆಲವರು ಗಾಡಿ ನಂಬರು ಬರದ್ರು, ಕೆಲವರು ಗುಡಿಗೆ ಬಣ್ಣಾ ಹಚ್ಚಿದ್ರು, ಕೆಲವರು ಹೊಲಕ್ಕ ಹೋದ್ರು. ಆದ್ರ ಒಂದು ನೋಡಿದೆ. ಬರೇ ಅಕ್ಷರ ಬರದವರು ಬಿಟ್ಟು ಹೋದ್ರು. ಮಾರಿ ಬರಿಯಾಕ ಬಂದವರು ಇವತ್ತಿಗೂ ಬದುಕ್ಯಾರ, ದೇವರ ತೇರಿನ ಗ್ವಾಂಬಿಗೆ ಅವರಽ ಬೇಕು. ಪೂರಾ ಕಲತವರಿಗೆ ಹಾದಿ ಸಿಗತೈತಿ.

ಹುಡುಗಿ: ಈಗಿನ ಫ್ಲೆಕ್ಸ್ ಮಾರೀನೂ ಬರೀತೈತ್ರಿ. ಎಐಗೆ ಎರಡು ಸಾಲು ಬರದು ಹೇಳಿದ್ರ ಚಕ್ಕಡಿ, ಧೂಳು, ಸಂಜಿ ಬೆಳಕು ಎಲ್ಲಾ ಬರತಾವ. 2025ರ ಮಾರ್ಚಿನ್ಯಾಗ ಊರಾಗಿನ ಎಲ್ಲಾರೂ ತಮ್ಮ ಫೋಟೋ ಘಿಬ್ಲಿ ಥರಾ ಮಾಡಿ ಸ್ಟೇಟಸ್ ಹಾಕಿದ್ರಲ್ಲ, ನೀವೂ ನೋಡಿರಿ.

ಮಾಸ್ತರರು: ನೋಡೀನಿ. ನಮ್ಮ ಮೊಮ್ಮಗ ನಂದೂ ಹಾಕಿದ್ದ. ಚಲೋ ಕಂಡೆ. ಹಂಗಾರ ನೀ ಯಾಕ ಬರೀತಿ? ಅದಕ್ಕಽ ಹೇಳು, ಎತ್ತು ತಗೀತೈತಿ.

ಹುಡುಗಿ: ಹೇಳಿ ನೋಡೀನ್ರಿ. ದೂರಿಂದ ಭಾಳ ಚಂದ. ಆದ್ರ ಈ ಕಾಲು ತುಸು ತಡಾ ಮಾಡಿ ಎತ್ತು, ಉಳಿದದ್ದು ಹಂಗಽ ಇರಲಿ ಅಂದ್ರ ಬ್ಯಾರೆ ಎತ್ತಽ ತಂದು ನಿಲ್ಲಸತೈತಿ. ಈ ಎತ್ತಿಗೆ ವಯಸ್ಸಾಗೈತಿ, ಏರು ಬಂದ್ರ ಒಂದು ಹೆಜ್ಜಿ ನಿಂತು ಉಸರು ಬಿಡತೈತಿ, ಅದನ್ನ ನೋಡಿ ಮುದುಕಿ ಚಕ್ಕಡಿ ಇಳೀತಾಳ. ಆ ನಿಂದ್ರೂದು ಎಷ್ಟು ಫ್ರೇಮು ಇರಬೇಕು ಅನ್ನೂದು ನನ್ನ ಮನಸ್ಸಿನ್ಯಾಗ ಐತಿ. ಅದನ್ನ ಅದಕ್ಕ ಬಾಯಿಲೆ ಹೇಳಾಕ ಬರೂದಿಲ್ಲ.

ಮಾಸ್ತರರು: ಇವತ್ತು ಬರೂದಿಲ್ಲ. ನಾಳೆ ಅದೂ ಕಲೀತೈತಿ.

ಹುಡುಗಿ: ಕಲೀಬಹುದು. ಆದ್ರ ಅದರಿಂದ ನಿಮ್ಮ ಮಾತಿಗೂ ಪೆಟ್ಟು ಬೀಳತೈತ್ರಿ. ಮಗ್ಗಲಿಗೆ ಕುಂತು ಕಲೀಬೇಕು ಅಂತೀರಿ. ಸ್ಟುಡಿಯೋದಾಗ ಹೊಸಬರಿಗೆ ಆ ಜಾಗಾ ಹೆಂಗ ಸಿಗತಿತ್ತು? ಹಿರೇ ಕಲಾವಿದ ಮುಖ್ಯ ಚಿತ್ರ ಬರೀತಿದ್ದ. ಕಾಲು ಎತ್ತಿದ್ದು ಒಂದು, ಊರಿದ್ದು ಒಂದು. ನಡುವಿನ ಚಿತ್ರ ತುಂಬೂದು ಹೊಸಬನ ಕೆಲಸ. ಸಾವಿರಾರು ನಡುವಿನ ಚಿತ್ರ ಬರದು ಬರದು ಹಿರೇಮನಷ್ಯಾ ಹೆಂಗ ವಿಚಾರ ಮಾಡತಾನ ಅನ್ನೂದು ಕೈಗೆ ಹತ್ತತಿತ್ತು. ಇವತ್ತು ಮೊದಲ ಯಂತ್ರಕ್ಕ ಕೊಡಾಕತ್ತಿದ್ದಽ ಆ ನಡುವಿನ ಕೆಲಸಾನ. ಕೆಳಗಿನ ಮೆಟ್ಟಲಾನ ಕಿತ್ತರ ಮ್ಯಾಲೆ ಹತ್ತೂದು ಹೆಂಗ? ನೀವು ಕಳಸೂ ಬೆಂಗಳೂರಾಗ ನನಗ ಕುಂದ್ರಾಕ ಆ ಮಗ್ಗಲ ಐತೋ ಇಲ್ಲೋ?

ಮಾಸ್ತರರು ತಟ್ಟನೆ ಉತ್ತರ ಕೊಡಲಿಲ್ಲ. ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸಿದರು, ಮತ್ತೆ ಹಾಕಿಕೊಂಡರು.

ಮಾಸ್ತರರು: ಇದಕ್ಕ ನನ್ನ ಹತ್ರ ಉತ್ತರ ಇಲ್ಲ. ಕಂಪನಿಯಾಗ ಜಾಗಾ ಹೋದೀತು. ಆದ್ರ ಸಾಲ್ಯಾಗ ಹೋಗೂದಿಲ್ಲ. ಅಹಮದಾಬಾದಿನ ಡಿಸೈನ್ ಸಾಲಿ ಎನ್‌ಐಡಿಯಂಥಾ ಕಡೆ ಇದನ್ನಽ ಒಂದು ವಿದ್ಯೆ ಅಂತ ಕಲಸ್ತಾರ. ಕಂಪನಿಗೆ ಆಳು ತಯಾರು ಮಾಡೂ ಕ್ಲಾಸು ಬ್ಯಾರೆ, ಅದು ಬ್ಯಾರೆ. ಪರೀಕ್ಷೆ ಕೊಟ್ಟು ಹೋಗಬೇಕು. ಅಲ್ಲಿ ನಿನ್ನ ಜೋಡಿ ಕುಂದ್ರೂ ಹುಡುಗೂರಽ ಅರ್ಧ ಪಾಠಾ ಕಲಸ್ತಾರ. ನಿನಗಿಂತ ಚಲೋ ಗೆರಿ ಇದ್ದಾಕಿ ಒಬ್ಬಾಕಿ ಮಗ್ಗಲಿಗೆ ಕುಂತ್ರ ನಿನ್ನ ಗೆರಿ ತಾನಽ ತಿದ್ದಿಕೊಳ್ಳತೈತಿ. ಈ ಮನ್ಯಾಗ ನೀನಽ ದೊಡ್ಡಾಕಿ, ನೀನಽ ಸಣ್ಣಾಕಿ.

ಹುಡುಗಿ: ಅಲ್ಲಿ ಹೋದ್ರ ನನ್ನ ಮುದುಕಿ ಯಾವ ಭಾಷೆ ಮಾತಾಡತಾಳ್ರಿ?

ಮಾಸ್ತರರು: ಯಾಕ, ಯರಗಟ್ಟಿ ಭಾಷೆ.

ಹುಡುಗಿ: ಸುಲಭ ಅಂತೀರಿ. ಕಾರ್ಟೂನಿನ್ಯಾಗ ಹೆಚ್ಚಾಗಿ ಮೊದಲ ಧ್ವನಿ ರೆಕಾರ್ಡ್ ಮಾಡತಾರ, ಆಮ್ಯಾಲೆ ಅದಕ್ಕ ಬಾಯಿ ಕೂಡಸ್ತಾರ. ‘ಬಾ ತಮ್ಮಾ, ಬುತ್ತಿ ಉಂಡು ಹೋಗು’ ಅಂತ ಮುದುಕಿ ಅಂದ್ರ ‘ಬಾ’ಕ್ಕ ಒಮ್ಮೆ ತುಟಿ ಕೂಡಬೇಕು, ‘ತಮ್ಮಾ’ದಾಗ ಒಮ್ಮೆ, ‘ಬುತ್ತಿ’ಗೆ ಒಮ್ಮೆ. ‘ಉಂಡು’, ‘ಹೋಗು’ ಅನ್ನೂ ಮುಂದ ತುಟಿ ದುಂಡಗಾಗಬೇಕು. ಧ್ವನಿ ಬರೂಕಿಂತ ಒಂದೆರಡು ಫ್ರೇಮ್ ಮೊದಲಽ ತುಟಿ ತಯಾರಿರಬೇಕು. ನಾವು ಸಣ್ಣವರಿದ್ದಾಗ ಟೀವಿಯಾಗ ನೋಡಿದ್ದೆಲ್ಲಾ ಡಬ್ಬಿಂಗ್. ಬಾಯಿ ಜಪಾನಿಂದೋ ಹಿಂದೀದೋ, ಮಾತು ಬೆಂಗಳೂರಿಂದು. ನಮ್ಮ ಮಾತಿಗೆ ಅಂತಽ ಕೂಡಿಸಿದ ಬಾಯಿ ನಾವು ನೋಡೇ ಇಲ್ಲ. ಅದನ್ನ ಮಾಡಬೇಕಂದ್ರ ಈ ಮಾತು ದಿನಾ ಕಿವಿಗೆ ಬೀಳಬೇಕು.

ಮಾಸ್ತರರು: ಪ, ಬ, ಮ ಅನ್ನಾಕ ಜಗತ್ತಿನ್ಯಾಗ ಎಲ್ಲಾರೂ ತುಟಿ ಕೂಡಸ್ತಾರ. ಕೂಡಸೂದು ಅಲ್ಲಿ ಕಲಿ, ಮಾತು ನಿನ್ನ ಬಾಯಾಗಽ ಇರತೈತಿ, ಎಲ್ಲಿ ಹೋಗತೈತಿ? ಬೆಂಗಳೂರಿನ ವಿ. ರವಿಶಂಕರ್ ‘ಪುಣ್ಯಕೋಟಿ’ ಮಾಡಿದ್ರಲ್ಲ, ನಮ್ಮ ಗೋವಿನ ಕತಿ, 2020ರಾಗ ಬಂತು. ಮಂದಿ ಹತ್ರ ರೊಕ್ಕ ಕೂಡಿಸಿ ಮಾಡಿದ್ರು. ಅದೂ ಸಂಸ್ಕೃತದಾಗ. ಕನ್ನಡದ ಆಕಳ ಸಂಸ್ಕೃತ ಮಾತಾಡಿತು, ಆದ್ರೂ ಆಕಳಾಗೇ ಉಳೀತು.

ಹುಡುಗಿ: ಅದಽ ನನ್ನ ದುಃಖ. ಆಕಳ ನಮ್ಮದು, ಮಾತು ನಮ್ಮದಾಗಲಿಲ್ಲ.

ಮಾಸ್ತರರು: ಹಂಗಾರ ನೀ ಮಾಡು. ಆದ್ರ ಮುದುಕಿ, ಎತ್ತು ಅಂದ್ರ ಯಾರ ನೋಡತಾರ? ‘ಮಹಾವತಾರ ನರಸಿಂಹ’ ನೋಡಿದಿಲ್ಲ, 2025ರ ಜುಲೈದಾಗ ಬಂದದ್ದು. ಅಶ್ವಿನ್ ಕುಮಾರ್ ನಿರ್ದೇಶನ, ನಮ್ಮ ಹೊಂಬಾಳೆಯವರು ಅರ್ಪಿಸಿದ್ರು. ಕಾರ್ಟೂನ್ ಅಂದ್ರ ಮಕ್ಕಳಾಟ ಅಂತಿದ್ದ ಮಂದಿ ಥೇಟರಿನ್ಯಾಗ ಕೈ ಮುಗದ್ರು. ನೂರಾರು ಕೋಟಿ ಬಂತು. ನಮ್ಮ ನೆಲದಾಗ ಕಿತ್ತೂರು ಚೆನ್ನಮ್ಮ ಅದಾಳ, ಸಂಗೊಳ್ಳಿ ರಾಯಣ್ಣ ಅದಾನ. ರಾಯಣ್ಣ ಮಾಡು, ಇಡೀ ನಾಡು ನೋಡತೈತಿ.

ಹುಡುಗಿ: ರಾಯಣ್ಣ ಮಾಡಾಕ ಸೈನ್ಯ ಬೇಕ್ರಿ. ಕುದರಿ, ಕ್ವಾಟಿ, ಕಾಡು, ಬೆಂಕಿ. ಒಬ್ಬಾಕಿ ಮಾಡಿದ್ರ ನಗೆಪಾಟಲು ಆಗತೈತಿ, ರಾಯಣ್ಣಗ ಅವಮಾನ. ಒಂದು ನಿಮಿಷಕ್ಕಽ 720 ಚಿತ್ರ, ಅದೂ ಎರಡೆರಡು ಫ್ರೇಮ್ ನಿಲ್ಲಿಸಿದ್ರ. ನನ್ನ ಕೈಲೆ ಆಗೂದು ಒಂದು ಮುದುಕಿ, ಒಂದು ಎತ್ತು, ಒಂದು ಏರು. ಸಣ್ಣ ಕತಿ ನನ್ನ ಬಡತನದಿಂದ ಬಂದದ್ದು ಅಂತ ತಿಳೀಬ್ಯಾಡ್ರಿ. ಆ ಏರಿನ್ಯಾಗ ಎತ್ತು ನಿಂತದ್ದು ನನಗ ಯುದ್ಧದಷ್ಟಽ ದೊಡ್ಡದು.

ಮಾಸ್ತರರು: ರಾಯಣ್ಣನ ಕೈಬಿಟ್ಟದ್ದಕ್ಕ ನೀ ಹೇಳಿದ ಕಾರಣ ಏನು? ಮಂದಿ ಇಲ್ಲ. ಮತ್ತ ಮಂದಿ ಇದ್ದಲ್ಲಿ ಹೋಗು ಅಂದ್ರ ಒಲ್ಲೆ ಅಂತಿ. ಊಟಕ್ಕ ಏನ ಮಾಡತಿ?

ಹುಡುಗಿ: ಲಗ್ನದ ವಿಡಿಯೋ ಮಾಡತೀನಲ್ರಿ. ಮದುಮಗ, ಮದುಮಗಳ ಕಾರ್ಟೂನ್ ಮಾಡಿ, ದಿನಾಂಕ, ಮುಹೂರ್ತ, ಕಲ್ಯಾಣ ಮಂಟಪದ ಹೆಸರು ಹಾಕಿ ವಾಟ್ಸಾಪಿಗೆ ಕಳಸೂದು. ಸುಗ್ಗಿ ಮುಗದು ಲಗ್ನಸರಾಯಿ ಬಂತಂದ್ರ ಕೈ ಬಿಡುವಿರೂದಿಲ್ಲ. ಮುಂಜಾನಿ ಆರ್ಡರ್, ಸಂಜಿಕ ಕೊಡಬೇಕು. ರಾತ್ರಿ ರೆಂಡರಿಗೆ ಹಚ್ಚಿ ಮಲಗತೀನಿ, ಕರೆಂಟ್ ಹೋದ್ರ ಬ್ಯಾಟರಿ ತೀರಿ ನಿಂತಿರತೈತಿ, ಎದ್ದು ಮತ್ತ ಹಚ್ಚತೀನಿ.

ಮಾಸ್ತರರು: ಆ ವಿಡಿಯೋ ನಾ ನೋಡೀನಿ. ಮದುಮಗಳು ನಡಿಯೂದಿಲ್ಲ, ಜಾರತಾಳ. ಕಾಲಿಗೆ ನೆಲಾನಽ ಹತ್ತೂದಿಲ್ಲ.

ಹುಡುಗಿ: ಆ ರೊಕ್ಕಕ್ಕ ಅಷ್ಟಽ ನಡೀತಾಳ್ರಿ. ರೆಡಿಮೇಡ್ ಗೊಂಬಿ ಅದು, ಸೀರಿ ಬಣ್ಣಾ ಬದಲ ಮಾಡತೀನಿ ಅಷ್ಟಽ.

ಮಾಸ್ತರರು: ನನಗ ಅಂಜಿಕಿ ಇರೂದು ಅದಽ. ಬೋರ್ಡು ಬರಿಯೂ ಮುಂದ ನಾನೂ ಅನ್ನತಿದ್ದೆ, ಈ ರೊಕ್ಕಕ್ಕ ಇಷ್ಟು ಸಾಕು ಅಂತ. ಹಂಗ ಅನ್ನೂ ಕೈ ಆಮ್ಯಾಲೆ ಪರದೆ ಬರಿಯೂ ಮುಂದನೂ ಇಷ್ಟು ಸಾಕು ಅಂತೈತಿ. ಒಬ್ಬಾಕೀನಽ ಇದ್ರ ಸಾಕು ಅನ್ನೂ ಗೆರಿ ಎಲ್ಲಿ ಎಳೀಬೇಕು ಅನ್ನೂದು ತಿಳಿಯೂದಿಲ್ಲ.

ಹುಡುಗಿ: ನೀವು ಕಲಿಯಾಕ ಹೋದ್ರಿ, ಅಲ್ಲೇನ್ರಿ?

ಮಾಸ್ತರರು: ಹೋದೆ. ಧಾರವಾಡದಾಗ ಹಾಲಭಾವಿ ಅವರು ಕಟ್ಟಿದ ಚಿತ್ರಕಲಾ ಸಾಲಿಗೆ. ಹೋಗದಿದ್ರ ಇವತ್ತು ನಿನ್ನ ಎತ್ತಿನ ಕಾಲು ಯಾರ ಹಿಡೀತಿದ್ರು?

ಹುಡುಗಿ: ಹೋಗಿ, ತಿರುಗಿ ಊರಿಗೆ ಬಂದ್ರಿ. ನಿಮ್ಮ ಜೋಡಿ ಈ ಕಡೆಯಿಂದ ಹೋದವರು ಎಲ್ಲಿ ಅದಾರ?

ಮಾಸ್ತರರು: ಒಬ್ಬ ಪುಣೆ, ಒಬ್ಬ ಮುಂಬಯಿ. ಒಬ್ಬ ಬೆಂಗಳೂರಾಗ ಮನಿ ಕಟ್ಟಿಸಿದ.

ಹುಡುಗಿ: ಅವರಾಗ ಒಬ್ಬರರೆ ಬಂದು ಈ ಊರಾಗ ಒಂದು ಹುಡುಗಿಗೆ ಗೆರಿ ಹಿಡಿಯೂದು ಕಲಿಸಿದ್ರೇನ್ರಿ? ಕಲಿಸಿದವರು ನೀವು. ನಮ್ಮ ಓಣಿ ಹುಡುಗೂರು ಸಾಲಿ ಬಿಟ್ಟ ಮ್ಯಾಲೆ ನನ್ನ ಲ್ಯಾಪ್‌ಟಾಪ್ ಮುಂದ ಕುಂದ್ರತಾವ. ಫೋನಿನ್ಯಾಗ ಚೆಂಡು ಪುಟಿಸೂದು ಕಲತಾವ. ನಾ ಹೋದ್ರ ಅವಕ್ಕ ಮತ್ತ ಯೂಟ್ಯೂಬಽ ಗತಿ.

ಮಾಸ್ತರರು: ತಪ್ಪು ಕಲತಾಕಿ ತಪ್ಪಽ ಕಲಸ್ತಾಳ. ಆ ಹುಡುಗೂರ ಎತ್ತೂ ದುಡಕಿ ಹೊಡಿಯಾಕ ಹತ್ತತಾವ. ಅವರ ಸಲುವಾಗಿಯಾದ್ರೂ ನೀ ಹೋಗಿ ಕಲತು ಬಾ.

ಹುಡುಗಿ: ಬಾ ಅನ್ನೂದು ಹಗರ. ಹತ್ತು ಲಕ್ಷ ಸಾಲಾ ಮಾಡಿ ಕಲತಾಕಿ ಲಗ್ನದ ವಿಡಿಯೋ ಮಾಡಾಕ ಯರಗಟ್ಟಿಗೆ ಬರತಾಳೇನ್ರಿ? ಸಾಲಾನಽ ಬರಗೊಡೂದಿಲ್ಲ. ಬಂದ್ರ ಇಲ್ಲಿ ಕೆಲಸಾ ಇರಬೇಕು. ಆ ಕೆಲಸಾ ಇಲ್ಲಿ ಹುಟ್ಟಸಬೇಕಂದ್ರ ಇಲ್ಲೇ ಯಾರಾದ್ರೂ ಇರಬೇಕು.

ಮಾಸ್ತರರು: ಇರೂದಕ್ಕ ಮೊದಲ ಕಲತಿರಬೇಕು.

ಹುಡುಗಿ: ಕಲತವರು ಇರೂದಿಲ್ಲ. ಇದ್ದವರು ಕಲತಿರೂದಿಲ್ಲ. ನಮ್ಮಿಬ್ಬರ ಜಗಳಾ ಎಲ್ಲಿ ತಿರುಗಿದ್ರೂ ಇಲ್ಲೇ ಬರತೈತ್ರಿ.

ಮಾಸ್ತರರು: ಹಂಗಾರ ಒಂದು ಒಪ್ಪಂದ ಮಾಡೂನು. ಎನ್‌ಐಡಿ ಪರೀಕ್ಷೆ ಬರಿ. ಬರಿಯಾಕ ಊರು ಬಿಡೂದು ಬ್ಯಾಡ, ಹೋಗಿ ಬರೂ ಮಾತು. ಅಪ್ಪನ ಹತ್ರ ನಾ ಮಾತಾಡತೀನಿ. ಹೆಣ್ಣುಹುಡುಗಿ ದೂರ ಅನ್ನೂದನ್ನ ನಾ ಬಗೆಹರಸ್ತೀನಿ.

ಹುಡುಗಿ: ಬರೀತೀನಿ. ಅದರ ಜೋಡಿ ಒಂದು ವರ್ಷ ನನಗ ಬಿಡ್ರಿ. ಒಂದು ನಿಮಿಷದ ಚಿತ್ರಾ ಮುಗಸ್ತೀನಿ, ಇಲ್ಲೇ ಕುಂತು. ಮುದುಕಿ ಧ್ವನಿಗೆ ಪಾರಿಜಾತದಾಗ ಹಾಡೂ ಅಮ್ಮಾರನ್ನ ಕೇಳೇನಿ. ಪರದೆ, ಅಂದ್ರ ಹಿಂದಿನ ಗುಡ್ಡ, ಹೊಲ, ಹಾದಿ, ನೀವು ಬರೀಬೇಕು.

ಮಾಸ್ತರರು: ಕಾಗದದ ಮ್ಯಾಲೆ ಬರೀತೀನಿ, ಆ ಗಾಜಿನ ಹಲಗಿ ಮ್ಯಾಲೆ ಬರಿಯಾಕ ಆಗೂದಿಲ್ಲ. ಮತ್ತ ಮುಗದ ಮ್ಯಾಲೆ ಅದನ್ನ ಈ ಕೆಲಸಾ ತಿಳದ ಇಬ್ಬರಿಗೆ ಕಳಸಬೇಕು, ಅವರು ಬೈದು ಬರದದ್ದನ್ನ ನನ್ನ ಮುಂದ ಓದಬೇಕು. ನನಗ ಎತ್ತು ಗೊತ್ತು, ಫ್ರೇಮ್ ಗೊತ್ತಿಲ್ಲ.

ಹುಡುಗಿ: ಆತ್ರಿ.

ಮಾಸ್ತರರು: ಪರೀಕ್ಷಾನೂ ಪಾಸಾತು, ಚಿತ್ರಾನೂ ಚಲೋ ಆತು ಅಂದ್ರ?

ಹುಡುಗಿ: ಆವಾಗ ಮತ್ತ ಮೊದಲಿಂದ ಜಗಳಾಡೂನು.

ಮಾಸ್ತರರು: ಎರಡೂ ಆಗಲಿಲ್ಲಂದ್ರ?

ಹುಡುಗಿ: ಲಗ್ನದ ವಿಡಿಯೋ ಇದ್ದಽ ಇರತಾವ್ರಿ. ಮದುಮಗಳಾದ್ರೂ ಸರಿಯಾಗಿ ನಡೀತಾಳ.

ಮಾಸ್ತರರು: ಸರಿಯಾಗಿ ನಡದಾಳೋ ಇಲ್ಲೋ ಅಂತ ಹೇಳಾಕ ಆವಾಗೂ ಒಬ್ಬರು ಬೇಕಲ್ಲ, ಯವ್ವಾ.